ಜೀಪಿನ ಒಳಗಿನ ಪರದೆ

ಆ ಜೀಪಿನೊಳಗೆ ಪರದೆ ಇತ್ತು. ಕಟ್ಟಿದವಳು ನಾನು. ಇರಲಿಲ್ಲ ಎಂದು ಪೊಲೀಸರ ಮುಂದೆ ಹೇಳಿದವಳೂ ನಾನೇ. ಆ ಮಾತಿನಿಂದ ಒಬ್ಬ ಡ್ರೈವರ್ ಜೈಲಿಗೆ ಹೋದ, ಅವನ ಲೈಸೆನ್ಸ್ ಹೋಯಿತು, ಅನ್ನ ಹೋಯಿತು. ಕುಡುಕ ಎಂಬ ಹೆಸರು ಬಂತು. ವಿಶಾಖಪಟ್ಟಣದಲ್ಲಿ ನಮ್ಮ ಬ್ಯಾಂಕಿನ ಕನ್ನಡದವರ ಮನೆಮನೆಗೆ ಆ ಹೆಸರನ್ನು ಮುಟ್ಟಿಸಿದವಳು — ಬೇರೆ ಯಾರೂ ಅಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವನ ಬಗ್ಗೆ ನನ್ನ ಬಾಯಿಂದ ಕೇಳಿದವರೆಲ್ಲ ಕನ್ನಡದವರು.

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ರಾಣೇಬೆನ್ನೂರಿನ ಕಡೆಯವಳು. ಗಂಡನಿಗೆ ಬ್ಯಾಂಕಿನಲ್ಲಿ ಗುಮಾಸ್ತಿಕೆ. ವರ್ಗವಾಗಿ ಇಲ್ಲಿಗೆ ಬಂದವರು ಇಲ್ಲೇ ಉಳಿದೆವು. ಒಬ್ಬಳೇ ಮಗಳು ಶಾರದೆಯನ್ನು ವಿಜಯವಾಡದ ತೆಲುಗಿನವರ ಮನೆಗೆ ಕೊಟ್ಟೆವು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಈಗ ನನ್ನ ಜೊತೆ ಇರುವವನು ಶಾರದೆಯ ಮಗ ವಂಶಿ. ದುವ್ವಾಡದ ಒಂದು ಕಂಪನಿಯಲ್ಲಿ ಎಂಜಿನಿಯರ್. ಮೂವತ್ತು ದಾಟಿದವನು. ನಾನು ಹೇಳುವ ದಿನ ಅವನೂ ಆ ಜೀಪಿನಲ್ಲಿದ್ದ — ತಾಯಿಯ ಮಡಿಲಲ್ಲಿ, ಐದು ತಿಂಗಳ ಕೂಸು.

ವಂಶಿಗೆ ಸಣ್ಣ ಸಣ್ಣ ಗಾಡಿ ಮಾಡುವ ಹುಚ್ಚು. ಆಟದ ಸಾಮಾನು ಎಂದರೆ ಸಿಟ್ಟು ಬರುತ್ತದೆ, ಮಾಡೆಲ್ ಎನ್ನಬೇಕು. ರಜೆಯ ದಿನ ಊಟದ ಮೇಜು ಅವನದು. ಹೋದ ವರ್ಷ ಒಂದು ಜಜ್ಜಿದ ಪೆಟ್ಟಿಗೆ ಅಂಚೆಯಲ್ಲಿ ಬಂತು. ಒಳಗೆ ಹಳದಿಗಟ್ಟಿದ ತುಣುಕುಗಳು, ಯಾರದೋ ಹಳೆಯ ಕಟ್ಟಿಸಿದ ಹಲ್ಲುಗಳ ಹಾಗೆ. ರೆಸಿನ್ ಎಂಬ ಅಂಟನ್ನು ಅಚ್ಚಿಗೆ ಹೊಯ್ದು ಗಟ್ಟಿ ಮಾಡಿದ್ದಂತೆ. ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ, ಸಿಕ್ಕಿದ್ದೇ ಪುಣ್ಯ ಎಂದ. ಎಲ್ಲ ಜೋಡಿಸಿದರೆ ನನ್ನ ಹೆಬ್ಬೆರಳಿನಷ್ಟು ಉದ್ದದ ಜೀಪು.

"ಅಮ್ಮಮ್ಮ, ಇದು ಯಾವ ಬಂಡಿ ಹೇಳು ನೋಡೋಣ," ಎಂದ. ಅವನು ನನ್ನನ್ನು ಕರೆಯುವುದು ತೆಲುಗಿನ ಹಾಗೆ, ಅಮ್ಮಮ್ಮ ಎಂದೇ.

"ಯಾವುದರ ಇರವಲ್ದ್ಯಾಕ. ಮೇಜ ಮ್ಯಾಲಿಂದ ತಗಿ, ಪಲ್ಯ ಹೆಚ್ಚಬೇಕು."

"ನಾನು ಲೈಫಲ್ಲಿ ಫಸ್ಟ್ ಕೂತ ಬಂಡಿ. ವೈಜಾಗ್ ಟು ವಿಜಯವಾಡ. ನೀನು, ಅಮ್ಮ, ನಾನು. ಸೇಮ್ ಟು ಸೇಮ್ ಮಾಡ್ತೀನಿ."

ಅವನ ಕೈಯಲ್ಲಿ ಒಂದು ಫೋಟೋ. ನಮ್ಮ ಮನೆಯ ಮುಂದೆ ಜೀಪು ನಿಂತಿದೆ, ಮೂತಿಗೆ ಚೆಂಡುಹೂವಿನ ಹಾರ. ಪಕ್ಕದಲ್ಲಿ ಡ್ರೈವರ್ ಸಿಂಹಾಚಲಂ, ಕೈಕಟ್ಟಿ ನಗುತ್ತಿದ್ದಾನೆ. ನಾನು ಪರದೆ ಕಟ್ಟುವ ಮೊದಲು ತೆಗೆದ ಫೋಟೋ. ನನ್ನ ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟೆ.

ಈ ಕೆಲಸ ಹೇಗಿರುತ್ತದೆ ಎಂದು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿರಲಿಲ್ಲ. ಆಮೇಲೆ ನೋಡದೆ ಇರಲಾಗಲಿಲ್ಲ. ಜೀಪಿನ ತಳ ಸೊಟ್ಟಗಾಗಿತ್ತು. ಬಿಸಿನೀರಲ್ಲಿ ಅದ್ದಿ, ಗಾಜಿನ ಮೇಲೆ ಒತ್ತಿ ಹಿಡಿದು ನೇರ ಮಾಡಿದ. ಗುಳ್ಳೆ ಎದ್ದು ಬಿದ್ದ ತೂತುಗಳನ್ನು ಮುಚ್ಚಿದ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪಾಲಿಶ್ ಕಾಗದವನ್ನು ನೀರಲ್ಲಿ ನೆನೆಸಿ ತಿಕ್ಕಿದ. ಒಣಗಿದ್ದನ್ನು ತಿಕ್ಕಿದರೆ ಆ ಧೂಳು ಎದೆಗೆ ಕೆಟ್ಟದ್ದಂತೆ. ಕಿರ್ ಕಿರ್ ಎಂಬ ಆ ಸದ್ದು ಅಡುಗೆಮನೆಯವರೆಗೂ ಬರುತ್ತಿತ್ತು. ಯಾರೋ ಒಂದೇ ಕಡೆ ಕೆರೆಯುತ್ತಿದ್ದಾರೆ, ಇನ್ನೇನು ಒಳಗಿನದು ಕಾಣುತ್ತದೆ ಎನ್ನಿಸುತ್ತಿತ್ತು.

ಹೊರಗಿನ ರೂಪವೇನೋ ಪೆಟ್ಟಿಗೆಯಲ್ಲೇ ಬಂದಿತ್ತು. ಒಳಗೆ ಮಾತ್ರ ಖಾಲಿ — ಎರಡು ಸೀಟಿನ ಗುಡ್ಡೆ, ಅಷ್ಟೇ. ಸ್ಟೀರಿಂಗು, ಗೇರು, ಹಿಂದಿನ ಬೆಂಚು, ಮೇಲಿನ ಟಾರ್ಪಾಲಿನ ಕಬ್ಬಿಣದ ಬಿಲ್ಲುಗಳು, ಎಲ್ಲವನ್ನೂ ಇವನೇ ಮಾಡಬೇಕು. ಕೆಟ್ಟ ಚಾರ್ಜರಿನ ತಂತಿ ಬಿಚ್ಚಿ ಸ್ಟೀರಿಂಗ್ ಮಾಡಿದ. ನನ್ನ ಬಿ.ಪಿ. ಗುಳಿಗೆಯ ಬೆಳ್ಳಿ ಹಾಳೆ ಕತ್ತರಿಸಿ ಕನ್ನಡಿ ಮಾಡಿದ. ಎಳ್ಳಿನಷ್ಟು ದೊಡ್ಡ ಕನ್ನಡಿ. ಎಲ್ಲಕ್ಕೂ ನನ್ನನ್ನೇ ಕೇಳಬೇಕು. ಫೋಟೋದಲ್ಲಿ ಒಳಗಿನದು ಕಾಣುವುದಿಲ್ಲ. ಶಾರದೆಯನ್ನು ಫೋನಿನಲ್ಲಿ ಕೇಳಿದರೆ, "ನಾ ಅವತ್ತು ದಾರಿತುಂಬ ಮಲಗಿದ್ದೆ, ನಿಮ್ಮ ಅಮ್ಮಮ್ಮನ್ನ ಕೇಳು," ಎಂದಳಂತೆ.

ಅವಳು ಮಲಗಿರಲಿಲ್ಲ.

"ಬೆಂಚು ಒಂದಾ ಎರಡಾ?" ಎರಡು, ಎದುರುಬದುರು. "ಸ್ಟೆಪ್ನಿ ಎಲ್ಲಿತ್ತು?" ಪಕ್ಕಕ್ಕೆ. ಇವೆಲ್ಲ ಸುಲಭ. ಪ್ರತಿ ಪ್ರಶ್ನೆಯೂ ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದ ಹಾಗೆ ನನಗೆ. ಒಂದು ಭಾನುವಾರ ಇಕ್ಕಳದಲ್ಲಿ ತೆಳು ಕಾಗದ ಹಿಡಿದುಕೊಂಡು ಕೇಳಿಯೇಬಿಟ್ಟ — "ಅಮ್ಮಮ್ಮ, ಹಿಂದಿನ ಟಾರ್ಪಾಲ್ ಕೆಳಗೆ ಬಿಟ್ಟಿತ್ತಾ, ಮೇಲೆ ಸುತ್ತಿತ್ತಾ? ಒಳಗೆ ಇನ್ನೇನಾದರೂ ಕಟ್ಟಿದ್ರಾ?"

ನೆನಪಿಲ್ಲ ಎನ್ನಬಹುದಿತ್ತು. ನೆನಪಿಲ್ಲದ ವಯಸ್ಸೇ ನನ್ನದು. ಅವನೇ ದಾರಿಯನ್ನೂ ತೋರಿಸಿದ — "ಗೊತ್ತಿಲ್ಲಾಂದ್ರೆ ಹೇಳು, ಪರವಾಗಿಲ್ಲ. ತಪ್ಪು ಹಾಕೋದಕ್ಕಿಂತ ಖಾಲಿ ಬಿಡೋದು ಮೇಲು."

"ಮ್ಯಾಲೆ ಸುತ್ತಿತ್ತು. ಒಳಗ ಏನೂ ಇದ್ದಿಲ್ಲ," ಎಂದೆ.

ಅವನು ಕಾಗದವನ್ನು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ, ಸುರುಳಿ ಸುತ್ತಿ, ಕೂದಲಿನಂಥ ದಾರದಿಂದ ಎರಡು ಕಡೆ ಕಟ್ಟಿ, ಜೀಪಿನ ಹಿಂಬದಿಗೆ ಅಂಟಿಸಿದ. ಒಣಗಿದ ಮೇಲೆ ಬಣ್ಣ ಬಳಿದ. ನಿಜವಾದ ಟಾರ್ಪಾಲಿನ ಹಾಗೇ ಕಂಡಿತು. ನನ್ನ ಸುಳ್ಳಿಗೆ ಅಷ್ಟು ದಿನ ಆಕಾರವಿರಲಿಲ್ಲ. ಅಂದು ನನ್ನ ಮೊಮ್ಮಗ ಅದಕ್ಕೆ ಗಂಟು ಹಾಕಿ, ಬಣ್ಣ ಹಚ್ಚಿ, ನನ್ನ ಊಟದ ಮೇಜಿನ ಮೇಲಿಟ್ಟ.

ಆ ದಿನದ ಸಂಗತಿ ಹೇಳುತ್ತೇನೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಐದನೆಯ ತಿಂಗಳಲ್ಲಿ ಬಾಣಂತಿಯನ್ನು ಕೂಸಿನ ಸಮೇತ ಗಂಡನ ಮನೆಗೆ ಕಳಿಸಬೇಕು — ತೊಟ್ಟಿಲು, ಪಾತ್ರೆ, ಡಬ್ಬಿತುಂಬ ಅಂಟಿನ ಉಂಡಿ. ರೈಲಿನಲ್ಲಿ ಕರೆದುಕೊಂಡು ಹೋಗು ಎಂದರು ನನ್ನ ಗಂಡ. ನಾನು ಕೇಳಲಿಲ್ಲ. ರೈಲಿನ ಕಿಟಕಿಯ ಗಾಳಿ ಬಾಣಂತಿಗೆ ಬಡಿದರೆ ಜನ್ಮಪೂರ್ತಿ ಅನುಭವಿಸಬೇಕು ಎಂದು ಜಗಳ ಮಾಡಿ ಸಿಂಹಾಚಲಂನ ಜೀಪು ಹೇಳಿಸಿದೆ. ಜೀಪಿನ ಮಾಲೀಕ ಬೇರೆ, ಓಡಿಸುವವನು ಅವನು. ಬ್ಯಾಂಕಿನ ಕನ್ನಡದವರಿಗೆಲ್ಲ ಅವನೇ ಬೇಕು. ಸ್ಟೇಷನ್ನಿಗೆ, ಆಸ್ಪತ್ರೆಗೆ, ಬೆಟ್ಟದ ದೇವಸ್ಥಾನಕ್ಕೆ. ಗಾಡಿ ಹಿಂದಕ್ಕೆ ತೆಗೆಯುವ ಮೊದಲು ಇಳಿದು ಸುತ್ತಲೂ ಒಮ್ಮೆ ನೋಡಿ ಬರುವ ಅಭ್ಯಾಸ ಅವನದು. ನಾವು ಹೆಂಗಸರು ನಗುತ್ತಿದ್ದೆವು — ಗಾಡಿಗೆ ಪ್ರದಕ್ಷಿಣೆ ಹಾಕುತ್ತಾನೆ ಎಂದು.

ಹೊರಡುವಾಗ ಹಿಂದಿನ ಟಾರ್ಪಾಲು ಇಳಿಸಿ ಬಿಗಿಯಾಗಿ ಕಟ್ಟಿಸಿದೆ. ಡ್ರೈವರ್ ಸೀಟಿನ ಹಿಂದೆ, ಮೇಲಿನ ಕಬ್ಬಿಣದ ಬಿಲ್ಲಿನಿಂದ ನನ್ನ ಹಳೆಯ ಸೀರೆಯೊಂದನ್ನು ಇಳಿಬಿಟ್ಟೆ. ಗಾಳಿ ಬರಬಾರದು, ಕೂಸು ಹಾಲು ಕುಡಿಯುವುದು ಗಂಡಸಿನ ಕಣ್ಣಿಗೆ ಬೀಳಬಾರದು, ದೃಷ್ಟಿ. ಸಿಂಹಾಚಲಂ ಕನ್ನಡಿ ನೋಡಿದರೆ ಅವನಿಗೆ ಕಾಣುವುದು ನನ್ನ ಸೀರೆ. ಹೊರಡುವಾಗಲೇ ಒಮ್ಮೆ ಗೊಣಗಿದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ತುನಿ ದಾಟಿದ ಮೇಲೆ ಒಂದು ಚಹಾದ ಅಂಗಡಿಯ ಹತ್ತಿರ ನಿಲ್ಲಿಸಿದ. ಮರದ ನೆರಳಿತ್ತು. ಎಂಜಿನ್ನಿಗೆ ನೀರು ಹಾಕಿದ. ಹೊರಡುವ ಹೊತ್ತಿಗೆ ಕೂಸು ಚೀರತೊಡಗಿತು. ಶಾರದೆ ಹಾಲಿಗೆ ಹಾಕಿದಳು. ವಿಜಯವಾಡದಲ್ಲಿ ಬೀಗರು ಆರತಿ ತಟ್ಟೆ ಹಿಡಿದು ಕಾಯುತ್ತಿರುತ್ತಾರೆ. ದೀಪ ಹಚ್ಚುವುದರೊಳಗೆ ಹೊಸಿಲು ದಾಟಿಸಬೇಕು ಎಂದು ಅವರೇ ಮುಹೂರ್ತ ಹೇಳಿ ಕಳಿಸಿದ್ದರು. ನನಗೆ ಅದೊಂದೇ ಧ್ಯಾನ.

ರಸ್ತೆಗೆ ಹೋಗಲು ಜೀಪನ್ನು ಹಿಂದಕ್ಕೆ ತೆಗೆಯಬೇಕಿತ್ತು. "ಅಮ್ಮಗಾರೂ, ತೆರ ತೀಯಂಡಿ. ವೆನಕ ಏಮೀ ಕನಪಡಟ್ಲೇದು," ಎಂದ. ಪರದೆ ತೆಗೆಯಿರಿ, ಹಿಂದೆ ಏನೂ ಕಾಣುತ್ತಿಲ್ಲ ಎಂದು. ಕೂಸು ಹಾಲು ಕುಡಿಯುತ್ತಿದೆ, ಆಗುವುದಿಲ್ಲ ಎಂದೆ. ಹಾಗಾದರೆ ಇಳಿದು ನೋಡುತ್ತೇನೆ ಎಂದು ಬಾಗಿಲಿಗೆ ಕೈ ಹಾಕಿದ.

"ನಿನ್ನ ಪ್ರದಕ್ಷಿಣಿ ಸಾಕಪ್ಪಾ, ಹೊಂಡು. ಹೊತ್ತು ಮೀರಿದರ ಈ ಕೂಸು ಮನಿ ಹೊರಗ ನಿಂದರಬೇಕಾಗ್ತದ."

ಅವನಿಗೆ ನನ್ನ ಕನ್ನಡ ಎಷ್ಟು ತಿಳಿಯಿತೋ. ದನಿ ತಿಳಿಯಿತು. ಬಾಗಿಲಿನಿಂದ ಕೈ ತೆಗೆದ.

ದೊಡ್ಡ ಸದ್ದೇನೂ ಆಗಲಿಲ್ಲ. ನೆಲಕ್ಕೆ ಗೋಣಿಚೀಲ ಇಳಿಸಿದ ಹಾಗೆ — ಅಷ್ಟೇ. ಅಂಗಡಿಯವನ ಮುದಿತಾಯಿ ಜೀಪಿನ ಹಿಂದೆ, ಮರದ ನೆರಳಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು.

ಈಗ ಬರೆಯುವುದು ನಿಜವಾದ ತಪ್ಪು. ಅಲ್ಲಿಯವರೆಗಿನದು ಅವಸರ, ಮೊಂಡತನ, ಏನಾದರೂ ಅನ್ನಿ. ಜನ ಕೂಗಿಕೊಂಡು ಓಡಿಬರುವ ಮೊದಲೇ, ಸಿಂಹಾಚಲಂ ಇಳಿದು ಹಿಂದಕ್ಕೆ ಓಡುತ್ತಿದ್ದಂತೆಯೇ, ನಾನು ಸೀರೆಯ ಗಂಟು ಬಿಚ್ಚಿದೆ. ಮಡಿಸಿ ಕೂಸಿಗೆ ಸುತ್ತಿದೆ. ಹಿಂದಿನ ಟಾರ್ಪಾಲು ಬಿಚ್ಚಿ ಮೇಲಕ್ಕೆ ಸುರುಳಿ ಸುತ್ತಿದೆ. ಯಾರೂ ಹೇಳಿಕೊಟ್ಟಿರಲಿಲ್ಲ. ತಲೆ ಕೆಲಸ ಮಾಡುವ ಮೊದಲೇ ಕೈ ಮಾಡಿ ಮುಗಿಸಿತ್ತು. ಶಾರದೆ ಎಲ್ಲ ನೋಡುತ್ತಿದ್ದಳು. ನಾನು ಅವಳ ಕಡೆ ನೋಡಿದೆ. ಅವಳು ಕೂಸಿನ ಕಡೆ ನೋಡಿದಳು.

ಪೊಲೀಸರು ಬಂದಾಗ ಸಿಂಹಾಚಲಂ ಇದ್ದದ್ದನ್ನೇ ಹೇಳಿದ. ಪೊಲೀಸಿನವನು ಜೀಪಿನೊಳಗೆ ಇಣುಕಿದ. ಎಲ್ಲ ಬಯಲು. "ತೆರ ಉಂದಾ ಅಮ್ಮಾ?" ಎಂದು ನನ್ನನ್ನು ಕೇಳಿದ.

"ಲೇದು."

ಇಲ್ಲ. ಒಂದೇ ಶಬ್ದ. ಆಗ ನನಗೆ ಬರುತ್ತಿದ್ದ ತೆಲುಗೇ ಅಷ್ಟು, ಅದು ಸಾಕಾಯಿತು. ಬಾಣಂತಿ ಮಗಳನ್ನು ಠಾಣೆಗೆ ಎಳೆಯುತ್ತಾರೆಂಬ ಹೆದರಿಕೆಯಿಂದ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಎಳೆಯುವುದು ನನ್ನನ್ನು ಎಂದು ಹೆದರಿದೆ.

ಬೇರೆ ಗಾಡಿ ಸಿಕ್ಕಿತು. ದೀಪ ಹಚ್ಚುವುದರೊಳಗೆ ವಿಜಯವಾಡ ಮುಟ್ಟಿದೆವು. ಆರತಿಯೂ ಆಯಿತು.

ಮುದುಕಿಯ ಸೊಂಟ ಮುರಿದಿತ್ತು. ಮತ್ತೆ ಏಳಲಿಲ್ಲ, ಆ ವರ್ಷವೇ ತೀರಿಕೊಂಡಳು ಎಂದು ಕೇಳಿದೆ. ವಿಶಾಖಪಟ್ಟಣಕ್ಕೆ ತಿರುಗಿ ಬಂದ ಮೇಲೆ ಬ್ಯಾಂಕಿನವರ ಹೆಂಡಂದಿರು ಮನೆಗೆ ಬಂದರು. ಅಷ್ಟು ಹುಷಾರಿನ ಡ್ರೈವರ್ ಹೀಗೆ ಹೇಗೆ ಮಾಡಿದ, ಕುಡಿದಿದ್ದನೇನು ಎಂದು ಕೇಳಿದರು. ಮೊದಲು, ಯಾರಿಗೆ ಗೊತ್ತು ಎಂದೆ. ಇನ್ನೊಬ್ಬಳು ಕೇಳಿದಾಗ, "ಏನೋ ವಾಸನಿ ಬಂದಂಗಿತ್ತು ನೋಡ್ರಿ," ಎಂದೆ. ಮೂರನೆಯವಳು ಬರುವಷ್ಟರಲ್ಲಿ ಅವಳೇ ನನಗೆ ಹೇಳಿದಳು, ಅವನು ಕುಡಿದಿದ್ದನಂತೆ ಎಂದು. ನಾನು ಹೌದೆಂದು ತಲೆಯಾಡಿಸಿದೆ. ಜೈಲಿನಿಂದ ಬಂದ ಮೇಲೆ ನಮ್ಮವರು ಯಾರೂ ಅವನನ್ನು ಕರೆಯಲಿಲ್ಲ.

ಈಗ ಮೊಮ್ಮಗನ ವಿಷಯಕ್ಕೆ ಬರುತ್ತೇನೆ. ಜೀಪು ಮುಗಿಯುತ್ತ ಬಂದಿತ್ತು. ಒಂದು ದಿನ ಡ್ಯೂಟಿಯಿಂದ ಬಂದವನೇ, "ಅಮ್ಮಮ್ಮ, ಸಿಂಹಾಚಲಂ ತಾತ ಸಿಕ್ಕಿದ್ರು," ಎಂದ. ಫೋಟೋ ಹಿಡಿದುಕೊಂಡು ಹಳೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ವಿಚಾರಿಸಿದನಂತೆ. ಗಾಜುವಾಕದಲ್ಲಿ ಮಗನ ಮನೆಯಲ್ಲಿದ್ದಾರೆ, ಭಾನುವಾರ ಬರುತ್ತಾರೆ, ಒಳಗಿನದೆಲ್ಲ ಸರಿಯಿದೆಯೋ ಇಲ್ಲವೋ ಅವರೇ ನೋಡಿ ಹೇಳುತ್ತಾರೆ ಎಂದ.

ಮರುದಿನವೇ, ಮಗಳನ್ನು ನೋಡಬೇಕು ಎಂದು ನೆಪ ಹೇಳಿ ದುವ್ವಾಡದಲ್ಲಿ ರೈಲು ಹತ್ತಿದೆ. ಕಿಟಕಿಯ ಪಕ್ಕ ಕೂತೆ. ತುನಿ ಬಂದಾಗ ಕಣ್ಣು ಮುಚ್ಚಿಕೊಂಡೆ — ಎಪ್ಪತ್ತು ದಾಟಿದ ಹೆಂಗಸು, ಸಣ್ಣ ಹುಡುಗಿಯ ಹಾಗೆ.

ಶಾರದೆಯ ಮನೆ ವಿಜಯವಾಡದ ಒನ್ ಟೌನಿನಲ್ಲಿ. ಕೆಳಗೆ ಅಳಿಯನ ಸಗಟು ಬಟ್ಟೆ ಅಂಗಡಿ, ಮೇಲೆ ಮನೆ. ಗಂಟು ಇಳಿಸುವ ಹಮಾಲರ ಕೂಗು ಅಡುಗೆಮನೆಯವರೆಗೂ ಕೇಳುತ್ತದೆ. ಅವಳು ಬದನೆಕಾಯಿ ಸೀಳುತ್ತಿದ್ದಳು. ಸಿಂಹಾಚಲಂ ಬರುವ ವಿಷಯ ಹೇಳಿದೆ. ಚಾಕು ನಿಂತಿತು.

"ನೀ ಏನ ಹೇಳಾಕಿ ಇದ್ದಿ?"

"ಗೊತ್ತಿಲ್ಲ."

"ನಾ ಮಲಗಿದ್ದೆ ಅಂತ ಹೇಳೇನಿ ಅವ್ವಾ. ಗಂಡಗೂ, ಅತ್ತೀಗೂ, ಮಗಗೂ. ನೀ ಬಾಯಿ ಬಿಟ್ಟರ ನಾನೂ ಸುಳ್ಳಿ ಆಗ್ತೀನಿ."

"ಆಗ್ತಿ."

ಅವಳು ಮತ್ತೆ ಸೀಳತೊಡಗಿದಳು. ನನ್ನ ಮುಖ ನೋಡದೆ ಹೇಳಿದಳು — "ಅವತ್ತು ನೀ ನನ್ನ ಕಡೆ ನೋಡಿದಿ. ಆ ನೋಟ ನನಗ ಇನ್ನೂ ಅಂಜಿಕಿ ಬರಸ್ತದ. ಒಂದ ಮಾತು ಆಡಿದರ ಈ ಕೂಸನ್ನೂ ಕಸಗೊಂಡು ಬಿಡ್ತಿ ಅನ್ನೂಹಂಗ ನೋಡಿದಿ."

ಅಂಥ ನೋಟ ನನ್ನದು ಎಂದು ನನಗೆ ಗೊತ್ತಿರಲಿಲ್ಲ. ನಾನು ಹೆದರಿದ್ದೆ ಎಂದಷ್ಟೇ ನೆನಪಿತ್ತು. ಹೆದರಿದವಳು ಹೆದರಿಸಿಯೂ ಇದ್ದೆ. ಅಲ್ಲಿ ನಿಲ್ಲಲಾಗಲಿಲ್ಲ. ಶನಿವಾರವೇ ತಿರುಗಿ ಬಂದೆ. ಧೈರ್ಯದಿಂದಲ್ಲ — ಅಡಗಿಕೊಳ್ಳಲು ಅವಳ ಮನೆಯಲ್ಲೂ ಜಾಗ ಇರಲಿಲ್ಲ.

ಭಾನುವಾರ ಸಿಂಹಾಚಲಂ ಬಂದ. ಒಗೆದು ಇಸ್ತ್ರಿ ಮಾಡಿದ ಅಂಗಿ, ಸೊರಗಿದ ಕತ್ತು. ಬಾಗಿಲಲ್ಲೇ ಕೈಮುಗಿದು, "ಬಾಗುನ್ನಾರಾ ಅಮ್ಮಗಾರೂ?" ಎಂದ. ಚೆನ್ನಾಗಿದ್ದೇನೆ ಎಂದೆ. ಕುರ್ಚಿಯ ತುದಿಯಲ್ಲಿ ಕೂತ. ವಂಶಿ ಜೀಪನ್ನು ಅಂಗೈಯಲ್ಲಿಟ್ಟು ತಂದು, ಭೂತಗನ್ನಡಿ ಕೊಟ್ಟ. ಮುದುಕನ ಮುಖ ಅರಳಿತು. ನಾನು ನೋಡಬಾರದಿತ್ತು ಅದನ್ನು.

"ಅಬ್ಬಾ, ನನ್ನ ಗೇರೂ ಇದೆ," ಎಂದು ತೆಲುಗಿನಲ್ಲಿ ಹೇಳಿ ನಕ್ಕ. "ಗುಂಡಿ ಗಾಜಿನದು ಬಾಬೂ, ಒಳಗೆ ಕೆಂಪು ಹೂವು. ನಾನೇ ಹಾಕಿಸಿದ್ದೆ. ಹೆಂಡತಿಗೆ ಕಿವಿಯೋಲೆ ಬೇಡವಾ, ಗೇರಿಗೆ ಮಾತ್ರ ಒಡವೆಯಾ ಅಂತ ಅವಳು ಬೈದಿದ್ದಳು."

ವಂಶಿ ನಕ್ಕು, ಕೆಂಪು ಚುಕ್ಕೆ ಇಡುತ್ತೇನೆ ಎಂದ. ಆಮೇಲೆ ಜೀಪನ್ನು ಹಿಂದು ಮುಂದಾಗಿ ತಿರುಗಿಸಿ ಕೇಳಿದ — "ಹಿಂದೆ ಹೀಗೇ ಇತ್ತಲ್ಲವಾ ತಾತಾ, ಓಪನ್? ಒಳಗೆ ಬೇರೇನೂ ಇರಲಿಲ್ಲ?"

ಸಿಂಹಾಚಲಂ ಭೂತಗನ್ನಡಿಯಲ್ಲಿ ಆ ಸುರುಳಿಯನ್ನು ನೋಡಿದ. ಬಹಳ ಹೊತ್ತು ನೋಡಿದ. ಈಗ ಹೇಳುತ್ತಾನೆ, ಹೇಳಿಬಿಡಲಿ, ಹೇಳದಿರಲಿ — ಮೂರನ್ನೂ ಒಟ್ಟಿಗೇ ಬೇಡಿಕೊಂಡೆ. ಅವನು ಗಾಜನ್ನು ಕೆಳಗಿಟ್ಟು ನನ್ನ ಕಡೆ ನೋಡಿದ.

"ಅಮ್ಮಗಾರು ಎಲಾ ಚೆಪ್ಪಿತೆ ಅಲಾಗೇ ಬಾಬೂ," ಎಂದ.

ಅಮ್ಮನವರು ಹೇಗೆ ಹೇಳಿದರೆ ಹಾಗೆಯೇ.

ನಾನು ಚಹಾ ತರುತ್ತೇನೆ ಎಂದು ಎದ್ದು ಹೋದೆ. ಎರಡನೆಯ ಸಲವೂ ಬಾಯಿ ಮುಚ್ಚಿದೆ. ಮೊದಲ ಸಲ ಪೊಲೀಸರಿದ್ದರು, ಜನರಿದ್ದರು. ಈ ಸಲ ನನ್ನ ಮನೆ, ನನ್ನ ಕುರ್ಚಿ, ನನ್ನ ಮೊಮ್ಮಗ. ಹೆದರಿಸುವವರು ಯಾರೂ ಇರಲಿಲ್ಲ.

ಅವನನ್ನು ಬಸ್ಸಿಗೆ ಹತ್ತಿಸಿ ಬಂದ ವಂಶಿ ಮೇಜಿನ ಮುಂದೆ ಕೂತು ಹೇಳಿದ — "ಎಂಥ ಒಳ್ಳೆ ಮನುಷ್ಯ ಅಮ್ಮಮ್ಮ. ಕುಡಿದು ಆಕ್ಸಿಡೆಂಟ್ ಮಾಡಿದ್ರು ಅಂತ ಅಮ್ಮ ಒಂದ್ಸಲ ಹೇಳಿದ್ಳು. ಮೂರು ಪ್ರಾಣ ಇದ್ದ ಬಂಡಿ. ನನಗೆ ಕೋಪ ಇತ್ತು, ಆದ್ರೂ ನೋಡಿದ ಮೇಲೆ... ಪೋನೀಲೇ, ಹೋಗಲಿ ಬಿಡು. ಹಳೇದು. ನಾನು ಕ್ಷಮಿಸಿಬಿಟ್ಟೆ."

ನಾನು ಮಾಡಿದ್ದಕ್ಕೆ ನನ್ನ ಮೊಮ್ಮಗ ಅವನನ್ನು ಕ್ಷಮಿಸುತ್ತಿದ್ದ. ದೊಡ್ಡ ಮನಸ್ಸು ಮಾಡಿ. ಅದನ್ನು ಕೇಳಿಕೊಂಡು ಸುಮ್ಮನಿರಲು ನನ್ನಂಥವಳಿಗೂ ಆಗಲಿಲ್ಲ.

"ಅಂವ ಕುಡದಿದ್ದಿಲ್ಲ," ಎಂದೆ. "ಪರದಿ ಇತ್ತು. ನಾ ಕಟ್ಟಿದ್ದೆ."

ಎಲ್ಲ ಹೇಳಿದೆ. ಅಳಲಿಲ್ಲ, ನನಗೆ ಅಳು ಬರುವುದಿಲ್ಲ. ಅವನು ಕೈಯಲ್ಲಿದ್ದ ಇಕ್ಕಳವನ್ನು ನೋಡುತ್ತ ಕೇಳಿಸಿಕೊಂಡ. ಮಧ್ಯದಲ್ಲಿ ಒಮ್ಮೆ, "ಅಮ್ಮಗೆ ಗೊತ್ತಾ?" ಎಂದ. ಗೊತ್ತು, ಆದರೆ ನನ್ನ ಹೆದರಿಕೆಗೆ ಬಾಯಿ ಬಿಡಲಿಲ್ಲ ಎಂದೆ. ಬಯ್ಯುತ್ತಾನೆ, ಎದ್ದು ಹೋಗುತ್ತಾನೆ, ಇನ್ನು ಈ ಮನೆಯಲ್ಲಿ ನಾನೊಬ್ಬಳೇ ಎಂದುಕೊಂಡೆ. ಅವನು ಜೀಪನ್ನು ಎತ್ತಿಕೊಂಡ. ಇಕ್ಕಳದ ಮೂತಿಯಿಂದ ಆ ಸುರುಳಿಯನ್ನು ಕಿತ್ತ. ಬಣ್ಣವೂ ಕಿತ್ತು ಬಂತು, ಒಳಗಿನ ಹಳದಿ ಕಂಡಿತು.

"ಯಾವ ಕಲರ್?" ಎಂದ.

"ಏನು?"

"ಸೀರೆ. ಯಾವ ಕಲರ್?"

ತಿಳಿಹಸಿರು, ಕೆಂಪು ಅಂಚು ಎಂದೆ. ಗಂಟು ಎಷ್ಟು, ಯಾವ ಬಿಲ್ಲಿಗೆ, ನೆಲದವರೆಗೆ ಇತ್ತಾ, ಸೀಟಿನವರೆಗೆ ಇತ್ತಾ, ನಡುವೆ ಸಂದಿ ಇತ್ತಾ — ಒಂದೊಂದಾಗಿ ಕೇಳಿದ. ಪೊಲೀಸರು ಅಷ್ಟು ಕೇಳಿರಲಿಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ, ಅಮ್ಮಮ್ಮ ಎಂಬುದೂ ಇರಲಿಲ್ಲ. ಸಂದಿ ಇರಲಿಲ್ಲ ಎಂದೆ. ಪೂರ್ತಿ ಮುಚ್ಚಿತ್ತಾ ಎಂದ. ಪೂರ್ತಿ ಮುಚ್ಚಿತ್ತು ಎಂದೆ.

ಮುಂದಿನ ರಜೆಯೊಳಗೆ ಪರದೆ ಮಾಡಿ ಹಾಕಿದ. ಕಾಗದದ್ದೇ, ತಿಳಿಹಸಿರು, ನೋಡಲು ಆಗದಷ್ಟು ಸರಿಯಾಗಿತ್ತು. ಹಿಂದಿನ ಟಾರ್ಪಾಲು ಇಳಿಸಿ ಕಟ್ಟಿದ. ಗೇರಿಗೆ ಕೆಂಪು ಚುಕ್ಕೆಯನ್ನೂ ಇಟ್ಟ. ಡಬ್ಬಿಯಲ್ಲಿ ಅರಳೆ ಹಾಸಿ ಜೀಪನ್ನಿಟ್ಟು ನನ್ನ ಕೈಗೆ ಕೊಟ್ಟು, "ನಾನು ಬರಲ್ಲ. ನೀನೇ ಹೋಗಬೇಕು," ಎಂದ.

ಗಾಜುವಾಕಕ್ಕೆ ಆಟೋದಲ್ಲಿ ಹೋದೆ. ತಿರುಗಿ ಹೋಗೋಣ ಎಂದು ಆಟೋದವನಿಗೆ ಹೇಳಲು ಎಷ್ಟು ಸಲ ಬಾಯಿ ತೆರೆದೆನೋ. ಸಿಂಹಾಚಲಂ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಕೂಸೊಂದು ಅಳುತ್ತಿತ್ತು, ಅವನ ಮಗನ ಮಗು. ನಿಂತೇ ಡಬ್ಬಿ ತೆರೆದು ಕೊಟ್ಟೆ. ಅವನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಹಸಿರು ಕಂಡಿತು.

"ಆ ರೋಜು ತೆರ ಉಂದಿ," ಎಂದೆ. "ನೇನೇ ಕಟ್ಟಾನು. ನೇನೇ ಲೇದು ಅನ್ನಾನು." ಅಂದು ಪರದೆ ಇತ್ತು, ನಾನೇ ಕಟ್ಟಿದೆ, ಇಲ್ಲವೆಂದವಳೂ ನಾನೇ.

"ನನಗೆ ಗೊತ್ತಿರುವುದನ್ನೇ ನನಗೆ ಹೇಳುತ್ತೀರಲ್ಲ ಅಮ್ಮಾ," ಎಂದ ತೆಲುಗಿನಲ್ಲಿ. ದನಿ ಏರಿಸಲಿಲ್ಲ. "ಹೇಳಬೇಕಾದದ್ದು ನನ್ನ ಹೆಂಡತಿಗೆ. ಅವಳು ಸತ್ತಳು. ಕುಡಿದಿರಲಿಲ್ಲ ಎಂದು ನಾನು ಹೇಳಿದಾಗೆಲ್ಲ, ಬಿಡು, ಆದದ್ದಾಯಿತು ಎನ್ನುತ್ತಿದ್ದಳು. ನನ್ನ ಮಗ ಇದ್ದಾನೆ. ಇವತ್ತಿಗೂ ಕೂಸನ್ನು ನನ್ನ ಕೈಗೆ ಕೊಡುವ ಮೊದಲು ನನ್ನ ಬಾಯಿಯ ವಾಸನೆ ನೋಡುತ್ತಾನೆ. ಕೆಲಸದಿಂದ ಬರುವ ಹೊತ್ತಾಯಿತು. ಕೂತ್ಕೊಳ್ಳಿ."

ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿಕೊಂಡು ಎಲ್ಲೂ ಕೂತಿರಲಿಲ್ಲ. ಸೊಸೆ ನೀರು ತಂದಿಟ್ಟಳು, ಕುಡಿಯಲಿಲ್ಲ. ಮಗ ಬಂದ, ಅಪ್ಪನದೇ ಹಣೆ. ಯಾರು ಇವರು ಎಂದು ಕೇಳಿದ. ಸಿಂಹಾಚಲಂ ನನ್ನ ಕಡೆ ನೋಡಿದ. ಎದ್ದು ನಿಂತು ಹೇಳಿದೆ. ಸೊಸೆ ಬಾಗಿಲಲ್ಲಿ ನಿಂತು ಕೇಳಿದಳು, ಪಕ್ಕದ ಮನೆಯವರೂ ಕೇಳಿದರು. ತೆಲುಗು ತಡವರಿಸಿತು, ಮತ್ತೆ ಮೊದಲಿನಿಂದ ಹೇಳಿದೆ. ಮಗ ಅಪ್ಪನ ಕಡೆ ತಿರುಗಿ, "ನಾನ್ನಾ..." ಎಂದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಇನ್ನು ನೀವು ಹೊರಡಿ," ಎಂದ ಸಿಂಹಾಚಲಂ. ಹೊರಟೆ. ಕ್ಷಮಿಸು ಎಂದು ಕೇಳಲಿಲ್ಲ. ಅವನಿಂದ ತೆಗೆದುಕೊಂಡದ್ದು ಸಾಕು. ಇನ್ನೂ ಒಂದನ್ನು ಬೇಡಲು ಬಾಯಿ ಬರಲಿಲ್ಲ.

ತುನಿಯ ಅಂಗಡಿಯವನಿಗೆ ಹೇಳುವುದು ಉಳಿದಿದೆ. ಅಂಗಡಿ ಇದೆಯೋ, ಅವನಿದ್ದಾನೋ ಗೊತ್ತಿಲ್ಲ. ಈ ತಿಂಗಳು ಹೋಗುತ್ತೇನೆ. ಶಾರದೆ, ತಾನೂ ಬರುತ್ತೇನೆ ಎಂದಿದ್ದಾಳೆ. ಬಂದರೆ ಬರಲಿ.

ಬ್ಯಾಂಕಿನ ಮನೆಗಳಲ್ಲಿ ಅಂದು ಇದ್ದ ಹೆಂಗಸರು ಈಗ ಎಲ್ಲೆಲ್ಲೋ ಇದ್ದಾರೆ — ಹುಬ್ಬಳ್ಳಿ, ಮೈಸೂರು, ಮಕ್ಕಳ ಮನೆಗಳು. ಕೆಲವರು ಇಲ್ಲವೇ ಇಲ್ಲ. ಇದ್ದವರು ಓದಿ. ನಿಮ್ಮ ಮನೆಯವರಿಗೂ ಹೇಳಿ. ಅವನ ಹೆಸರು ಸಿಂಹಾಚಲಂ. ಅವನು ಕುಡಿದಿರಲಿಲ್ಲ. ಇಳಿದು ನೋಡುತ್ತೇನೆ ಎಂದು ಬಾಗಿಲಿಗೆ ಕೈ ಹಾಕಿದ್ದ, ಬೇಡವೆಂದವಳು ನಾನು.